ಬಾರಿಸಿದ ಕೈ ಯಾರದು?

ಗುಂಪು: ಅಜ್ಜಿಮನೆ. ಶನಿವಾರ ರಾತ್ರಿ.

ನಾನು: ಎಲ್ಲರಿಗೂ ಒಂದು ಆಲ್ಬಮ್ ಲಿಂಕ್ ಕಳಿಸಿದ್ದೇನೆ. ಬ್ರಿಟನ್ನಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಕೆಮಿಕಲ್ ಬ್ರದರ್ಸ್ ಅವರ 'ಡಿಗ್ ಯುವರ್ ಓನ್ ಹೋಲ್'. 1997ರದ್ದು. ಕಾಲೇಜಿನಲ್ಲಿ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದೆ. ಇವತ್ತು ಮತ್ತೆ ಕೇಳಿದೆ, ಮೈ ಜುಮ್ ಅಂತು. ದಯವಿಟ್ಟು ಒಂದ್ಸಲ ಪೂರ್ತಿ ಕೇಳಿ.

ಚಿಕ್ಕಮ್ಮ: ಮೊಮ್ಮಗ ಈಗಷ್ಟೇ ಮಲಗಿದ್ದ ಕಣೋ. ಲಿಂಕ್ ಒತ್ತಿದ್ದೇ ತಡ, ಎದ್ದು ಕೂತ. ನಿನ್ನ ಗುಂಡಿ ನೀನೇ ತೋಡಿಕೋ ಅಂತ, ಇದೆಂಥ ಹೆಸರು?

ನಾನು: ಲಂಡನ್ನಿನಲ್ಲಿ ಅವರ ಸ್ಟುಡಿಯೋ ಹೊರಗಿನ ಗೋಡೆ ಮೇಲೆ ಯಾರೋ ಗೀಚಿದ್ದ ಮಾತು ಅದು ಚಿಕ್ಕಮ್ಮ. ಅದನ್ನೇ ಇಟ್ಟರು.

ದೊಡ್ಡಪ್ಪ: ಮೊದಲನೇದು ಎರಡು ನಿಮಿಷ ಕೇಳಿದೆ. ಧಡ್ ಧಡ್ ಧಡ್. ಅದೇ ಮತ್ತೆ ಮತ್ತೆ. ನಲವತ್ತು ವರ್ಷ ಮೃದಂಗ ನುಡಿಸಿದವನು ನಾನು. ಇದರಲ್ಲಿ ಬಾರಿಸುವ ಕೈಯೇ ಇಲ್ಲವಲ್ಲ?

ನಾನು: ದೊಡ್ಡಪ್ಪ, ಫೋನ್ ಸ್ಪೀಕರ್‌ನಲ್ಲಿ ಕೇಳಿದಿರಾ? ಅದರಲ್ಲಿ ಬಾಸ್, ಅಂದರೆ ತಗ್ಗಿನ ದನಿ, ಬರುವುದೇ ಇಲ್ಲ. ಆ ಮೊದಲ ಹಾಡು 'ಬ್ಲಾಕ್ ರಾಕಿಂಗ್ ಬೀಟ್ಸ್'ನ ಜೀವವೇ ಆ ಬಾಸ್. ಅದು ಕೇಳದಿದ್ದರೆ ಎಡಭಾಗ ಮೂಕಾದ ಮೃದಂಗ ಕೇಳಿದ ಹಾಗೆ. ಹೆಡ್‌ಫೋನ್ ಹಾಕಿಕೊಳ್ಳಿ.

ಅಕ್ಕ: ಅದಿರಲಿ. ಬೇರೆಯವರ ರೆಕಾರ್ಡಿನಿಂದ ತುಂಡು ತುಂಡು ಎತ್ತಿ ಅಂಟಿಸಿದ್ದಾರೆ ಅಂತ ನನ್ನ ಮಗಳು ಹೇಳುತ್ತಿದ್ದಾಳೆ. ಕಳ್ಳತನ ಅಲ್ವಾ?

ನಾನು: ಅಲ್ಲ ಅಕ್ಕ. ಕೆಮಿಕಲ್ ಬ್ರದರ್ಸ್ ಅಂದರೆ ಟಾಮ್ ರೋಲಂಡ್ಸ್, ಎಡ್ ಸೈಮನ್ಸ್. ಇಬ್ಬರೂ ಮ್ಯಾಂಚೆಸ್ಟರ್ ಯೂನಿವರ್ಸಿಟಿಯಲ್ಲಿ ಇತಿಹಾಸ ಓದುತ್ತಿದ್ದ ಹುಡುಗರು. ಡಿಜೆ ಕೆಲಸ ಮಾಡುತ್ತಾ ಬೆಳೆದವರು. ರೆಕಾರ್ಡು ಕೇಳುವುದೇ ಅವರ ಸಾಧನೆ. ಹಳೇ ರೆಕಾರ್ಡಿನ ಎರಡು ಸೆಕೆಂಡಿನ ಡ್ರಮ್ ಸದ್ದನ್ನು, ಸದ್ದಿನ ತುಂಡು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರವಾದ ಸ್ಯಾಂಪ್ಲರ್‌ಗೆ ಹಾಕುತ್ತಾರೆ. ವೇಗ ಬದಲಿಸುತ್ತಾರೆ, ಸದ್ದು ಒಡೆಯುವ ತನಕ ಏರಿಸುತ್ತಾರೆ, ಮೇಲೆ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ಕೂರಿಸುತ್ತಾರೆ. ಬಿಗ್ ಬೀಟ್ ಅನ್ನುವ ಸಂಗೀತ ಶೈಲಿ ಅಂದರೆ ಇದೇ. ಯಾವ ಎರಡು ಸೆಕೆಂಡು ಅಂತ ಗೊತ್ತಾಗುವುದಕ್ಕೇ ಕಿವಿ ಬೇಕು. ಮೊದಲ ಹಾಡಿನಲ್ಲಿ ಕೂಗುವ ದನಿ ರ‍್ಯಾಪರ್ ಸ್ಕೂಲಿ ಡಿ ಅವರದ್ದು, 1989ರ ಹಾಡಿನಿಂದ ತಗೊಂಡಿದ್ದು. ಅವರ ನಿಜವಾದ ಹೆಸರು ಜೆಸ್ಸಿ ವೀವರ್. ಹಾಡು ಬರೆದವರ ಪಟ್ಟಿಯಲ್ಲಿ ಆ ಹೆಸರೂ ಇದೆ. ಕದ್ದವರು ಹೆಸರು ಹಾಕುತ್ತಾರಾ?

ಮಾವ: 'ಸೆಟ್ಟಿಂಗ್ ಸನ್' ಕೇಳಿದೆ. ಇದು ಬೀಟಲ್ಸ್‌ನ 'ಟುಮಾರೋ ನೆವರ್ ನೋಸ್' ಅಲ್ವೇನೋ? ಅವರ ಡ್ರಮ್ಮರ್ ರಿಂಗೋ ಬಾರಿಸಿದ್ದು ಹಾಗೇ ಇದೆ. ನನ್ನ ಹತ್ತಿರ ನಡೆಯಲ್ಲ.

ನಾನು: ಮಾವ, ಬೀಟಲ್ಸ್ ಕಡೆಯ ವಕೀಲರಿಗೂ ಅದೇ ಅನುಮಾನ ಬಂದಿತ್ತು. ರೆಕಾರ್ಡ್ ಕಂಪನಿಯವರು ಸಂಗೀತ ತಜ್ಞರನ್ನು ಕೂರಿಸಿ ಪರೀಕ್ಷೆ ಮಾಡಿಸಿದರು. ಒಂದು ತುಂಡೂ ಎತ್ತಿಲ್ಲ ಅಂತ ಬಂತು. ಹಾಡಿದ್ದು ಒಯಾಸಿಸ್ ತಂಡದ ನೋಯೆಲ್ ಗ್ಯಾಲಗರ್. 1996ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್. ಬೀಟಲ್ಸ್ ನೆರಳಿದೆ, ನಿಜ. ಆದರೆ 1966ರ ಬೀಟಲ್ಸ್ ಹಾಡಿನ ಕೆಳಗೆ ಓಡುವ ಶ್ರುತಿ ಯಾವುದು ಹೇಳಿ? ತಂಬೂರಿ. ಅದನ್ನು ಅವರು ನಮ್ಮಿಂದ ಕದ್ದರು ಅನ್ನುತ್ತೀರಾ?

ಮಾವ: ತಂಬೂರಿ ಯಾರ ಸ್ವತ್ತೂ ಅಲ್ಲ. ಅದು ಬೇರೆ, ರೆಕಾರ್ಡು ಬೇರೆ.

ಅಕ್ಕ: ಮಾವ ಹೇಳಿದ್ದು ಸರಿ.

ನಾನು: ಒಪ್ಪಿದೆ. ಆದರೆ ಕೊನೆಯದು, 'ದಿ ಪ್ರೈವೇಟ್ ಸೈಕೆಡೆಲಿಕ್ ರೀಲ್', ಕೇಳದೆ ತೀರ್ಪು ಕೊಡಬೇಡಿ. ಒಂಬತ್ತು ನಿಮಿಷದ ಮೇಲಿದೆ. ಸಿತಾರಿನಂಥ ದನಿಯಿಂದ ಶುರುವಾಗಿ ಏರುತ್ತಲೇ ಹೋಗುತ್ತದೆ. ದೊಡ್ಡಪ್ಪ, ನಿಮಗಾಗಿಯೇ ಹೇಳುತ್ತಿದ್ದೇನೆ.

(ಅರ್ಧ ಗಂಟೆ ಯಾರೂ ಬರೆಯಲಿಲ್ಲ.)

ದೊಡ್ಡಪ್ಪ: ಕೇಳಿದೆ. ಹೆಡ್‌ಫೋನ್ ಹಾಕಿಕೊಂಡೇ. ಲಯ ಬಿಡುವುದಿಲ್ಲ, ಏರಿಕೆ ಚೆನ್ನಾಗಿದೆ. ಇದನ್ನು ಗದ್ದಲ ಅಂತ ತಳ್ಳಿಹಾಕುವುದಿಲ್ಲ. ನನ್ನ ಪ್ರಶ್ನೆ ಬೇರೆ. ಕೂಗಿದವನ ಹೆಸರು ಹಾಕುತ್ತಾರೆ ಅಂದೆ. ಹೀಗೆ ಎತ್ತಿದ ಡ್ರಮ್ ಬಾರಿಸಿದವನ ಹೆಸರನ್ನೂ ಹಾಕುತ್ತಾರಾ?

ನಾನು: ಎಷ್ಟೋ ಸಲ ಇಲ್ಲ ದೊಡ್ಡಪ್ಪ. ಈ ಆಲ್ಬಮ್ಮಿನ ಮಾತಲ್ಲ, ಈ ಇಡೀ ಪದ್ಧತಿಯದ್ದು. 1969ರಲ್ಲಿ ದಿ ವಿನ್‌ಸ್ಟನ್ಸ್ ಅಂತ ಅಮೆರಿಕದ ತಂಡ 'ಆಮೆನ್, ಬ್ರದರ್' ಅನ್ನುವ ಹಾಡು ಮಾಡಿತು. ಅದರಲ್ಲಿ ಏಳು ಸೆಕೆಂಡಿನಷ್ಟು ಹೊತ್ತು ಡ್ರಮ್ಸ್ ಮಾತ್ರ ಕೇಳುತ್ತದೆ. ಆ ತುಂಡು ಸಾವಿರಾರು ಹಾಡುಗಳಿಗೆ ಹೋಯಿತು. ಬಾರಿಸಿದವರು ಗ್ರೆಗೊರಿ ಕೋಲ್ಮನ್. ಅವರಿಗೆ ಒಂದು ಕಾಸೂ ಬರಲಿಲ್ಲ. 2006ರಲ್ಲಿ ತೀರಿಕೊಂಡರು. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ತಂಡದ ನಾಯಕರಿಗೆ 24,000 ಪೌಂಡ್ ಕೊಟ್ಟರು. ಕೋಲ್ಮನ್ ಅದನ್ನು ನೋಡಲು ಇರಲಿಲ್ಲ.

ದೊಡ್ಡಪ್ಪ: ನೋಡು, ನಾನು ಕೇಳಿದ್ದು ಇದನ್ನೇ. ಒಂದು ಕ್ಯಾಸೆಟ್ಟಿಗೆ ಎರಡು ದಿನ ಕೂತು ನುಡಿಸಿದ್ದೆ. ಬೆರಳು ಊದಿಕೊಂಡಿತ್ತು. ಕವರ್ ಬಂದಾಗ ಗಾಯಕರ ಹೆಸರಿತ್ತು, ಪಿಟೀಲಿನವರದ್ದಿತ್ತು. ನನ್ನ ಜಾಗದಲ್ಲಿ ಸುಮ್ನೆ 'ಮೃದಂಗ' ಅಂತ ಇತ್ತು, ಅಷ್ಟೇ. ವಾದ್ಯದ ಹೆಸರು.

ಅಕ್ಕ: ಇದನ್ನು ನೀವು ಯಾವತ್ತೂ ಹೇಳಿಲ್ಲವಲ್ಲ ದೊಡ್ಡಪ್ಪ.

ಚಿಕ್ಕಮ್ಮ: ಭಾವ, ಆ ಕ್ಯಾಸೆಟ್ ನಮ್ಮ ಬೀರುವಿನಲ್ಲಿದೆ. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಕವರ್ ಮೇಲೆ ಪೆನ್ನಿನಲ್ಲಿ ನಿಮ್ಮ ಹೆಸರು ಬರೆದಿದ್ದಾರೆ.

ನಾನು: ಚಿಕ್ಕಮ್ಮ, ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗುತ್ತೇನೆ. ಗೆಳೆಯನ ಹತ್ತಿರ ಟೇಪ್ ರೆಕಾರ್ಡರ್ ಇದೆ. ಕಂಪ್ಯೂಟರಿಗೆ ಇಳಿಸಿ ಇಲ್ಲೇ ಹಾಕುತ್ತೇನೆ.

ದೊಡ್ಡಪ್ಪ: ಬಿ ಸೈಡಿನಲ್ಲಿ ಎರಡನೇ ಕೃತಿ ಆದಮೇಲೆ ತನಿ ಇದೆ, ಬರೀ ಮೃದಂಗ. ಮೂರು ನಿಮಿಷ ಇದ್ದೀತು. ಹೆಡ್‌ಫೋನ್ ಹಾಕಿಕೊಂಡು ಕೇಳು.