ಪದಚರ್ಚೆ: ನೀರಿನ ಮೇಲೆ ‘ಅರ್ತ್’ ಅಂದರೆ ಯಾವ ತಂತಿ?

ಎಲ್ಲರಿಗೂ ನಮಸ್ಕಾರ.

ಮೋಟಾರು ದೋಣಿಗೆ ಹೊಸ ವೈರಿಂಗ್ ಎಳೆದು ಇಂಟರ್ನೆಟ್ ಸಾಮಾನು ಕೂರಿಸುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೀನು ಹಿಡಿಯುವ ದೋಣಿ ಅಲ್ಲ. ದಿನಗಟ್ಟಲೆ ಸುತ್ತಾಡಿಕೊಂಡು ಬರುವಂಥದ್ದು, ಒಳಗೆ ಮಲಗಲು ಜಾಗ, ಒಲೆ, ಫ್ರಿಜ್ಜು ಎಲ್ಲ ಇರುವಂಥದ್ದು. ಹೆಚ್ಚಿನ ಪದಗಳು ತಾವಾಗಿಯೇ ಬಂದವು. ‘ಅರ್ತ್’ ಮಾತ್ರ ಜಗ್ಗುತ್ತಿಲ್ಲ. ಅದರ ಜೊತೆಗೆ ಇನ್ನೂ ಕೆಲವು ಚಿಲ್ಲರೆ ತೊಡಕುಗಳಿವೆ, ಅವನ್ನೂ ಕೇಳಿಬಿಡುತ್ತೇನೆ.

ಮನೆಯಲ್ಲಿ ಅರ್ತ್ ಅಂದರೆ ಗೊಂದಲವೇ ಇಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನು, ಹಸಿರು ವೈರು, ಅದು ಹೋಗಿ ಮಣ್ಣಿನಲ್ಲಿ ಹೂತಿಟ್ಟ ಸರಳಿಗೆ ಸೇರುತ್ತದೆ. ಶಾಲೆಯ ಪುಸ್ತಕದಲ್ಲಿ ಅದೇ ‘ಭೂಸಂಪರ್ಕ ತಂತಿ’. ಆದರೆ ದೋಣಿಯಲ್ಲಿ ಭೂಮಿ ಎಲ್ಲಿಂದ ತರೋಣ? ‘ಉಪಕರಣಕ್ಕೆ ಭೂಸಂಪರ್ಕ ಕೊಡಿ’ ಅಂತ ಬರೆದರೆ ದೋಣಿಯನ್ನು ದಡಕ್ಕೆ ತಂದು ನಿಲ್ಲಿಸಿ ಅಂದ ಹಾಗಾಗುತ್ತದೆ. ಹಾಗಂತ ‘ಜಲಸಂಪರ್ಕ’ ಅನ್ನೋಣ ಅಂದರೆ ಅದು ನಲ್ಲಿ ಕನೆಕ್ಷನ್ ಆಗಿಹೋಗುತ್ತದೆ.

ನಗೋದು ಅಷ್ಟಕ್ಕೆ ಸಾಕು. ಇಲ್ಲಿ ಅರ್ತ್ ಅನ್ನಿಸಿಕೊಳ್ಳುವ ತಂತಿಗಳು ಮೂರಿವೆ, ಮೂರರ ಕೆಲಸವೂ ಬೇರೆ. ಒಂದರ ಬದಲು ಇನ್ನೊಂದಕ್ಕೆ ಕಟ್ಟಿದರೆ ದೋಣಿಗೆ ಹಾನಿ, ಕೆಲವು ಸಲ ಜೀವಕ್ಕೂ ಅಪಾಯ.

ಮೊದಲನೆಯದು ಬ್ಯಾಟರಿಯ ಮೈನಸ್. ಕಾರಿನ ಕೆಲಸ ಮಾಡುವವರು ‘ಬಾಡೀಗೆ ಅರ್ತ್ ಕೊಡು’ ಅನ್ನುವುದು ಇದನ್ನೇ. ಕಾರಿನಲ್ಲಿ ಕಬ್ಬಿಣದ ಬಾಡಿಯೇ ಕರೆಂಟ್ ವಾಪಸ್ ಬರುವ ದಾರಿ, ಹಾಗಾಗಿ ಒಂದು ಲೈಟಿಗೆ ಒಂದೇ ವೈರು ಎಳೆದರೂ ನಡೆಯುತ್ತದೆ. ದೋಣಿಯಲ್ಲಿ ಅದು ನಡೆಯಲ್ಲ. ಫೈಬರ್ ಮೈಯಲ್ಲಿ ಕರೆಂಟ್ ಹರಿಯುವುದೇ ಇಲ್ಲ, ಇನ್ನು ಲೋಹದ ದೋಣಿಯಾದರೂ ಮೈಯನ್ನು ವಾಪಸ್ ದಾರಿಯಾಗಿ ಬಳಸಬಾರದು, ಬಳಸಿದರೆ ಮೈಯೇ ಸವೆಯುತ್ತದೆ. ಆದ್ದರಿಂದ ಪ್ರತಿ ಸಾಮಾನಿಗೂ ಎರಡೆರಡು ವೈರು.

ಎರಡನೆಯದು, ದಡದಲ್ಲಿ ಕಟ್ಟಿದಾಗ ದಡದ ಕರೆಂಟ್ ತೆಗೆದುಕೊಳ್ಳುತ್ತೇವಲ್ಲ, ಅದರ ಜೊತೆ ಬರುವ ಹಸಿರು ತಂತಿ. ಇದು ನಮ್ಮ ಮನೆಯ ಅರ್ತ್‌ನ ಸ್ವಂತ ತಮ್ಮ. ಎಲ್ಲ ಸರಿಯಿದ್ದಾಗ ಇದರಲ್ಲಿ ಕರೆಂಟ್ ಇರಬಾರದು, ಎಲ್ಲಾದರೂ ಲೀಕ್ ಆದಾಗ ಮಾತ್ರ ಮೈ ಮೇಲೆ ತೆಗೆದುಕೊಂಡು ಬ್ರೇಕರ್ ಬೀಳಿಸಬೇಕು.

ಮೂರನೆಯದಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ. ಪ್ರೊಪೆಲ್ಲರ್ ಶಾಫ್ಟು, ಚುಕ್ಕಾಣಿಯ ಲೋಹ, ಮೈ ತೂತು ಮಾಡಿ ಕೂರಿಸಿದ ಕಂಚಿನ ವಾಲ್ವುಗಳು, ಇವನ್ನೆಲ್ಲ ಒಂದಕ್ಕೊಂದು ಸೇರಿಸಿ ಕೊನೆಗೆ ನೀರಿನಲ್ಲಿರುವ ಸತುವಿನ ತುಂಡಿಗೆ ಮುಟ್ಟಿಸುವ ತಂತಿ. ಸವೆಯುವುದಿದ್ದರೆ ಸತು ಸವೆಯಲಿ, ಉಳಿದವು ಉಳಿಯಲಿ ಅನ್ನುವ ಲೆಕ್ಕ. ಇದೂ ಹಸಿರು, ಇಲ್ಲವೇ ಹಳದಿ ಪಟ್ಟೆಯ ಹಸಿರು. ನೋಡೋಕೆ ಎರಡನೆಯದರ ಹಾಗೇ ಇರುತ್ತದೆ.

ಈಗ ಕೈಪಿಡಿಯಲ್ಲಿ ‘ರೂಟರಿನ ಇನ್ನೊಂದು ವೈರನ್ನು ಅರ್ತ್‌ಗೆ ಕೊಡಿ’ ಅಂತ ಬರೆದೆ ಅಂದುಕೊಳ್ಳಿ. ಪ್ಯಾನೆಲ್ಲಿನ ಹಿಂದೆ ಟಾರ್ಚ್ ಕಚ್ಚಿಕೊಂಡು ಮಲಗಿದವನಿಗೆ ಕೈಗೆ ಹತ್ತಿರ ಒಂದು ಹಸಿರು ತಂತಿ ಕಾಣುತ್ತದೆ. ಅದಕ್ಕೇ ಸುತ್ತುತ್ತಾನೆ. ರೂಟರ್ ಆನ್ ಆಗುತ್ತದೆ, ವೈಫೈ ಬರುತ್ತದೆ, ಎಲ್ಲರಿಗೂ ಖುಷಿ. ಆದರೆ ರೂಟರಿನ ವಾಪಸ್ ಕರೆಂಟ್ ಈಗ ಹರಿಯಬಾರದ ದಾರಿಯಲ್ಲಿ ಹರಿಯುತ್ತಿದೆ. ಎಲ್ಲೋ ಒಂದು ಕೊಂಡಿ ಸಡಿಲವಾದರೆ ಸಾಕು, ಅದು ನೀರಿನ ಮೂಲಕ ದಾರಿ ಹುಡುಕಿಕೊಂಡು ವಾಲ್ವನ್ನೋ ಪ್ರೊಪೆಲ್ಲರನ್ನೋ ತಿನ್ನಲು ಶುರು ಮಾಡುತ್ತದೆ. ಸುಮ್ನೆ ಎರಡು ಬೇರೆ ಲೋಹ ಉಪ್ಪುನೀರಿನಲ್ಲಿದ್ದರೆ ಸವೆತಕ್ಕೆ ತಿಂಗಳುಗಳೇ ಬೇಕು, ಬ್ಯಾಟರಿಯ ಕರೆಂಟ್ ಜೊತೆಗೆ ಸೇರಿಕೊಂಡರೆ ಕೆಲವು ದಿನಗಳಲ್ಲೇ ಲೋಹ ತೂತು ಬೀಳಬಹುದು. ನೀರಿನ ಮಟ್ಟಕ್ಕಿಂತ ಕೆಳಗಿರುವ ವಾಲ್ವು ತೂತು ಬಿದ್ದರೆ ಮುಂದಿನದು ಹೇಳಬೇಕಿಲ್ಲ ಅಲ್ವಾ.

ಬಣ್ಣ ನೋಡಿ ಗುರುತಿಸಲಿ ಅನ್ನುತ್ತೀರೇನೋ. ಬಣ್ಣದ್ದೂ ಅದೇ ಕಥೆ. ಅಮೆರಿಕದ ದೋಣಿಗಳ ನಿಯಮದಲ್ಲಿ ಬ್ಯಾಟರಿಯ ಮೈನಸ್ ಕಪ್ಪು ಇರಬಹುದು, ಹಳದಿಯೂ ಇರಬಹುದು. ಅಲ್ಲೇ ದಡದ ಕರೆಂಟಿನಲ್ಲಿ ಕಪ್ಪು ಅಂದರೆ ಶಾಕ್ ಹೊಡೆಯುವ ಲೈನ್ ವೈರು! ಈ ಕಾರಣಕ್ಕೇ ಮೈನಸ್ಸಿಗೆ ಹಳದಿ ಬಳಸಿ ಅನ್ನುವುದು. ಯುರೋಪಿನ ಪದ್ಧತಿಯಲ್ಲಿ ಲೈನ್ ಕಂದು, ನ್ಯೂಟ್ರಲ್ ನೀಲಿ. ಹಾಗಾಗಿ ಬಣ್ಣವನ್ನು ಬರೆಯುತ್ತೇನೆ, ಆದರೆ ಬಣ್ಣವನ್ನೇ ಹೆಸರಾಗಿ ಬಳಸಲ್ಲ.

ನಾನು ಈಗ ಬರೆದುಕೊಂಡಿರುವುದು ಹೀಗೆ. ಮೊದಲನೆಯದಕ್ಕೆ ‘ಮೈನಸ್ ತಂತಿ’. ‘ಮರಳು ತಂತಿ’ ಅಂತಲೂ ಯೋಚಿಸಿದೆ, ಕರೆಂಟ್ ಮರಳಿ ಬರುವ ತಂತಿ ಅನ್ನುವ ಅರ್ಥದಲ್ಲಿ. ಆದರೆ ಮರಳು ಅಂದ ಕೂಡಲೇ ಒಬ್ಬರಿಗೆ ಹೊಳೆಯ ಮರಳು, ಇನ್ನೊಬ್ಬರಿಗೆ ಮರುಳು. ‘ಋಣ ತಂತಿ’ ಅನ್ನೋದು ಪುಸ್ತಕದ್ದು, ಸ್ಕ್ರೂಡ್ರೈವರ್ ಹಿಡಿದವರ ಬಾಯಲ್ಲಿ ಯಾವತ್ತೂ ಕೇಳಿಲ್ಲ. ಮೈನಸ್ ಎಲ್ಲರಿಗೂ ಗೊತ್ತು, ಅದೇ ಇರಲಿ. ಎರಡನೆಯದಕ್ಕೆ ‘ಕಾವಲು ತಂತಿ’. ಕೆಲಸ ಬೀಳುವ ತನಕ ಸುಮ್ನೆ ನಿಂತಿರುತ್ತದೆ, ಬಿದ್ದಾಗ ಪ್ರಾಣ ಉಳಿಸುತ್ತದೆ, ನನಗಂತೂ ತುಂಬಾ ಹಿಡಿಸಿದೆ. ಮೂರನೆಯದಕ್ಕೆ ‘ಕೂಡು ತಂತಿ’. ಇದರ ಬಗ್ಗೆ ಮಾತ್ರ ಧೈರ್ಯ ಸಾಲದು. ಕೂಡುರಸ್ತೆ ಇದೆ, ಕೂಡುಕುಟುಂಬ ಇದೆ, ಕೂಡು ತಂತಿ ಯಾಕಾಗಬಾರದು ಅನ್ನಿಸುತ್ತದೆ. ಆದರೆ ಮೊದಲ ಸಲ ಓದಿದವರಿಗೆ ‘ಎರಡು ವೈರು ಜಾಯಿಂಟ್ ಮಾಡಿದ ಜಾಗ’ ಅಂತ ಕೇಳಿಸೀತಾ?

ಇನ್ನು ‘ಅರ್ತ್’ ಅನ್ನುವ ಬರವಣಿಗೆ. ಕೆಲವರು ‘ಅರ್ಥ್’, ‘ಅರ್ಥಿಂಗ್’ ಅಂತ ಬರೆಯುತ್ತಾರೆ. ವೇಗವಾಗಿ ಓದುವಾಗ ‘ಅರ್ಥ ಕೊಡಿ’ ಅಂತ ಕಾಣುತ್ತದೆ, ಪದಚರ್ಚೆಗೆ ಹೊಂದುತ್ತದೆ, ವೈರಿಂಗಿಗೆ ಹೊಂದಲ್ಲ. ನಾನು ಮಹಾಪ್ರಾಣ ಬಿಟ್ಟಿದ್ದೇನೆ.

ಇಂಟರ್ನೆಟ್ ಸಾಮಾನು ಬಂದ ಮೇಲೆ ನಾಲ್ಕನೇ ಅರ್ತ್ ಕೂಡ ಬಂತು. ಚಾವಣಿಯ ಮೇಲಿನ ಆಂಟೆನಾದಿಂದ ಕೆಳಗೆ ಬರುವ ನೆಟ್‌ವರ್ಕ್ ಕೇಬಲ್ ಒಳಗೆ ಜರಿಯಂಥ ಒಂದು ಲೋಹದ ಹೊದಿಕೆ ಇರುತ್ತದೆ, ಹೊರಗಿನ ಕರಕರ ಒಳಗೆ ಬಾರದಂತೆ. ಇದನ್ನೂ ‘ಅರ್ತ್’ ಅಂದುಬಿಡುತ್ತಾರೆ. ನಾನು ‘ಹೊದಿಕೆ’ ಅಂತಲೇ ಬರೆದಿದ್ದೇನೆ. ಕರಕರ ಅಂದೆನಲ್ಲ, ಅದೂ ಒಂದು ಪ್ರಶ್ನೆ. 12 ವೋಲ್ಟನ್ನು 48ಕ್ಕೆ ಏರಿಸುವ ಅಗ್ಗದ ಪೆಟ್ಟಿಗೆಗಳು, ಕೆಲವು ಎಲ್‌ಇಡಿ ಲೈಟುಗಳು ಕಿವಿಗೆ ಏನೂ ಕೇಳಿಸದ ಒಂದು ಬಗೆಯ ಗಲೀಜನ್ನು ಗಾಳಿಗೆ ಉಗುಳುತ್ತವೆ. ಅದರಿಂದ ಹತ್ತಿರದ ರೇಡಿಯೋ ಕಿವುಡಾಗುತ್ತದೆ. ಸಣ್ಣ ಮಾತಲ್ಲ ಇದು, ಎಲ್‌ಇಡಿಗಳಿಂದ ದೋಣಿಯ ರೇಡಿಯೋ ಕೆಡುತ್ತದೆ ಅಂತ ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತ್ತು. ಅಪಾಯದ ಕರೆ ಕೊಡುವ 16ನೇ ಚಾನೆಲ್ ಇರುವುದು 156.8 ಮೆಗಾಹರ್ಟ್ಸ್‌ನಲ್ಲಿ, ಕರೆ ಬಂದಾಗ ಅದು ಕೇಳದೇ ಹೋದರೆ ಕಷ್ಟ. ಇದಕ್ಕೆ ‘ಗದ್ದಲ’ ಅಂದರೆ ಜನ ಜಾಸ್ತಿ ಸೇರಿದ ಹಾಗೆ, ‘ಸದ್ದು’ ಅಂದರೆ ಕಿವಿಗೆ ಕೇಳಲೇಬೇಕು. ‘ಕರಕರ’ ಅಂದರೆ ಕನಿಷ್ಠ ರೇಡಿಯೋ ನೆನಪಾಗುತ್ತದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಪೋರ್ಟ್ ಇನ್ನೊಂದು ತಲೆನೋವು. ದೋಣಿಯ ಎಡಬದಿ ಪೋರ್ಟ್, ದೋಣಿ ನಿಲ್ಲುವ ಜಾಗ ಪೋರ್ಟ್, ರೂಟರಿನ ಹಿಂದಿನ ತೂತುಗಳೂ ಪೋರ್ಟ್. ಮೂರನ್ನೂ ಇಂಗ್ಲಿಷಿನಿಂದ ಹಾಗೇ ಎರವಲು ತೆಗೆದುಕೊಂಡರೆ ‘ಪೋರ್ಟ್ ಕಡೆಯ ಪೋರ್ಟಿಗೆ ಪೋರ್ಟಿನಲ್ಲಿದ್ದಾಗ’ ಅಂತ ಬರೆಯಬೇಕಾಗುತ್ತದೆ. ಇಲ್ಲಿ ನಮಗೆ ಹೊರೆಯಿಲ್ಲ: ಎಡಬದಿ, ಬಂದರು, ಪೋರ್ಟ್. ಎಡಬದಿ ಅಂದಾಗ ಮೂತಿಯ ಕಡೆ ಮುಖ ಮಾಡಿ ನಿಂತವರ ಎಡ ಅಂತ ಒಮ್ಮೆ ಹೇಳಿಬಿಟ್ಟರೆ ಆಯಿತು. ‘ಸ್ವಿಚ್’ ಇಷ್ಟು ಸುಲಭಕ್ಕೆ ಬಗೆಹರಿಯಲ್ಲ. ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಡಬ್ಬವೂ ಸ್ವಿಚ್ಚೇ, ಲೈಟಿನದ್ದೂ ಸ್ವಿಚ್ಚೇ. ‘ಸ್ವಿಚ್ ಆಫ್ ಮಾಡಿ ಕೆಲಸ ಶುರು ಮಾಡಿ’ ಅನ್ನುವ ವಾಕ್ಯದಲ್ಲಿ ಯಾವುದು? ಕೇಬಲ್ ಡಬ್ಬಕ್ಕೆ ‘ನೆಟ್‌ವರ್ಕ್ ಸ್ವಿಚ್’ ಅಂತ ಪ್ರತಿ ಸಲ ಉದ್ದಕ್ಕೆ ಬರೆಯುತ್ತಿದ್ದೇನೆ, ಓದುವವರಿಗೆ ಬೇಸರವಾದರೂ ಪರವಾಗಿಲ್ಲ.

ಸಂತೋಷದ ವಿಷಯವೂ ಇದೆ. ದೋಣಿಗೆ ಬರೀ ತಾಮ್ರದ ವೈರು ಸಾಲದು, ಒಂದೊಂದು ಎಳೆಗೂ ತವರ ಲೇಪಿಸಿರಬೇಕು. ಇದಕ್ಕೆ ‘ತವರಲೇಪಿತ’ ಅಂತ ಬರೆದು ನೋಡಿ, ಬಾಯಿಗೇ ಬರಲ್ಲ. ‘ಕಲಾಯಿ ಹಾಕಿದ ತಂತಿ’ ಅನ್ನಿ, ತಾಮ್ರದ ಪಾತ್ರೆ ಕಂಡವರಿಗೆ ಯಾಕೆ, ಏನು ಅಂತ ವಿವರಿಸುವ ಕೆಲಸವೇ ಇಲ್ಲ. ಕಲಾಯಿ ಇಲ್ಲದ ವೈರಿನ ತುದಿಯ ಪ್ಲಾಸ್ಟಿಕ್ ಸುಲಿದರೆ ಒಳಗೆ ತಾಮ್ರ ಕಪ್ಪಾಗಿರುತ್ತದೆ, ಟರ್ಮಿನಲ್ ಸುತ್ತ ಹಸಿರು ಪುಡಿ ಕೂತಿರುತ್ತದೆ, ಉಜ್ಜಿದರೆ ಬೆರಳಿಗೆ ಅಂಟುತ್ತದೆ. ಅದು ಕಿಲುಬು. ದಯವಿಟ್ಟು ತುಕ್ಕು ಅನ್ನಬೇಡಿ. ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ, ಹಿತ್ತಾಳೆಯದ್ದು. ಎಲ್ಲ ಲೋಹಕ್ಕೂ ತುಕ್ಕು ಹಿಡಿಸಿ ಕಿಲುಬನ್ನು ಮರೆಯುತ್ತಿದ್ದೇವೆ ಅನ್ನಿಸುತ್ತದೆ, ಇಲ್ಲಂತೂ ಎರಡೂ ಬೇಕು, ಯಾಕೆಂದರೆ ಬೋಲ್ಟಿಗೆ ತುಕ್ಕು ಬಂದಿದೆಯೋ ತಂತಿಗೆ ಕಿಲುಬು ಬಂದಿದೆಯೋ ಅನ್ನುವುದರ ಮೇಲೆ ಮುಂದಿನ ಕೆಲಸ ನಿಂತಿದೆ.

‘ಗುಂಟ’ (ಉದ್ದಕ್ಕೂ ಅನ್ನುವ ಅರ್ಥದ್ದು) ಕೂಡ ಹೀಗೇ ಕೈಹಿಡಿಯಿತು. ಪ್ಲಸ್ ತಂತಿಗೆ ಬ್ಯಾಟರಿಯಿಂದ 7 ಇಂಚಿನ ಒಳಗೆ ಫ್ಯೂಸ್ ಇರಬೇಕು ಅನ್ನುವುದು ಅಮೆರಿಕದ ದೋಣಿಗಳ ಸಾಮಾನ್ಯ ನಿಯಮ (ತಂತಿ ಪೈಪಿನೊಳಗೆ ಇದ್ದರೆ ಇನ್ನೂ ದೂರಕ್ಕೆ ಬಿಡುತ್ತಾರೆ, ಎಂಜಿನ್ ಸ್ಟಾರ್ಟ್ ಮಾಡುವ ತಂತಿಗೆ ವಿನಾಯಿತಿ ಇದೆ). ‘7 ಇಂಚಿನ ಒಳಗೆ’ ಅಂದಾಗ ಕೆಲವರು ಟೇಪ್ ನೆಟ್ಟಗೆ ಹಿಡಿಯುತ್ತಾರೆ. ಅಳೆಯಬೇಕಾದದ್ದು ತಂತಿ ಬಾಗಿದಲ್ಲೆಲ್ಲ ಬಾಗಿಕೊಂಡು. ‘ತಂತಿಗುಂಟ 7 ಇಂಚು’ ಅಂದರೆ ಮುಗಿಯಿತು. ಈ ಬಳಕೆ ಎಲ್ಲ ಕಡೆಯವರಿಗೂ ಸಹಜವಾಗಿ ಕೇಳುತ್ತದಾ, ಅಥವಾ ಬಡಗಣ ಕನ್ನಡ ಅನ್ನಿಸುತ್ತದಾ?

‘ಉದ್ದ’ ಸಹ ಮೋಸ ಮಾಡುವ ಪದ. ಸಾಮಾನು 10 ಮೀಟರ್ ದೂರದಲ್ಲಿದ್ದರೆ ಕರೆಂಟ್ ಹೋಗಿ ಬರುವ ಉದ್ದ 20 ಮೀಟರ್. 5 ಆಂಪಿಯರ್ ಎಳೆಯುವ ಇಂಟರ್ನೆಟ್ ಡಿಶ್ಶಿಗೆ ಎರಡೂವರೆ ಸ್ಕ್ವೇರ್ (ಅಂದರೆ ಚದರ ಮಿಲಿಮೀಟರ್) ವೈರು ಹಾಕಿದರೆ ದಾರಿಯಲ್ಲೇ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ, 6 ಸ್ಕ್ವೇರ್ ಹಾಕಿದರೆ 0.3. ಮನೆಯ 230 ವೋಲ್ಟಿನಲ್ಲಿ ಇದು ಲೆಕ್ಕಕ್ಕಿಲ್ಲ, 12 ವೋಲ್ಟಿನಲ್ಲಿ ಲೆಕ್ಕಕ್ಕಿದೆ. ಎಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ರೂಟರ್ ಆಫ್ ಆಗಿ ಆನ್ ಆಗುವುದಕ್ಕೆ ಇದೂ ಒಂದು ಕಾರಣ. ನಾನು ‘ಹೋಗಿಬರುವ ಉದ್ದ’ ಅಂತ ಬರೆದಿದ್ದೇನೆ. ಒಂದೇ ಪದ ಮಾಡಬೇಕು ಅನ್ನುವ ಹಟ ನನಗಿಲ್ಲ.

ವೈರು ಎಳೆಯುವ ಕೆಲಸದ ಪದಗಳನ್ನು ಎಲೆಕ್ಟ್ರಿಷಿಯನ್‌ಗಳಿಂದಲೇ ತೆಗೆದುಕೊಂಡಿದ್ದೇನೆ: ಪೈಪ್, ಸ್ಪ್ರಿಂಗ್ ಹಾಕಿ ಎಳೆಯುವುದು, ಲಗ್ ಪಂಚ್ ಮಾಡುವುದು, ಸ್ಲೀವ್. ಇವಕ್ಕೆ ಬದಲಿ ಹುಡುಕಲು ಹೊರಟರೆ ಕೈಪಿಡಿ ಯಾರೂ ಓದಲ್ಲ. ಬೆಸುಗೆ ಮಾತ್ರ ಬೇಡ ಅಂತ ಬರೆಯಬೇಕಿದೆ, ಎಂಜಿನ್ನಿನ ನಡುಕಕ್ಕೆ ಬೆಸುಗೆಯ ಪಕ್ಕದಲ್ಲೇ ವೈರು ಮುರಿಯುತ್ತದೆ.

ಕೊನೆಗೆ ಎರಡು ಪದ ಕರಾವಳಿಯವರಿಂದ ಬೇಕು. ದೋಣಿಯ ಹೊಟ್ಟೆಯ ತೀರಾ ತಳದಲ್ಲಿ, ಸೋರಿದ ನೀರೆಲ್ಲ ಬಂದು ನಿಲ್ಲುವ ಜಾಗಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಅಲ್ಲಿ ವೈರಿನ ಜಾಯಿಂಟ್ ಇರಬಾರದು ಅಂತ ಪದೇ ಪದೇ ಹೇಳಬೇಕು, ಪ್ರತಿ ಸಲ ‘ತಳದಲ್ಲಿ ನೀರು ನಿಲ್ಲುವ ಜಾಗ’ ಅನ್ನೋಕಾಗಲ್ಲ. ಇನ್ನೊಂದು, ಎಂಜಿನ್ ಕೋಣೆಗೂ ಮಲಗುವ ಕೋಣೆಗೂ ನಡುವೆ ಅಡ್ಡಲಾಗಿ ನಿಂತ ಹಲಗೆ. ‘ಅಡ್ಡಗೋಡೆ’ ಅಂತ ಇಟ್ಟಿದ್ದೇನೆ, ವೈರು ಹಾಯಿಸಲು ಅದಕ್ಕೆ ತೂತು ಕೊರೆದು ರಬ್ಬರ್ ಬಳೆ ಕೂರಿಸಬೇಕು. ದೋಣಿ ಕಟ್ಟುವವರ ಬಾಯಲ್ಲಿ ಇವಕ್ಕೆ ಹಳೆಯ ಪದಗಳಿದ್ದರೆ, ತುಳು, ಕೊಂಕಣಿಯದ್ದಾದರೂ ಸರಿ, ಹಾಗೇ ಬರೆದು ತಿಳಿಸಿ. ‘ಕೂಡು ತಂತಿ’ ನಡೆಯುತ್ತದೋ ಇಲ್ಲವೋ ಅನ್ನುವುದಕ್ಕೂ ಉತ್ತರ ಬೇಕು, ಆ ಅಧ್ಯಾಯ ಅಲ್ಲೇ ನಿಂತಿದೆ.