ಮಿಲಿಟ್ರಿ ಅಜ್ಜನ ನುಡಿನಮನ ಪುಸ್ತಿಕೆ: ಯಾವ ದಾಖಲೆಯಿಂದ ಏನು ಬರೆಯಬಹುದು?

ಬ್ರಹ್ಮಾವರದ ಮೊಮ್ಮಗ:
ನಮ್ಮ ಅಜ್ಜ ತೀರಿಕೊಂಡರು. ಉತ್ತರಕ್ರಿಯೆಗೆ ಬಂದವರ ಕೈಗೆ ಒಂದು ಸಣ್ಣ ಪುಸ್ತಿಕೆ ಕೊಡಬೇಕೆಂದು ಮನೆಯವರ ಆಸೆ. ಸಭೆಯಲ್ಲಿ ಐದು ನಿಮಿಷದ ನುಡಿನಮನವೂ ಇದೆ. 1963ರಲ್ಲಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿ 1989ರಲ್ಲಿ ನಾಯಬ್ ಸುಬೇದಾರ್ ಆಗಿ ಪೆನ್ಶನ್ ಬಂದವರು. ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್, ಕೆಲವು ಪದಕ, ಒಂದು ಕಟ್ಟು ಇನ್‌ಲ್ಯಾಂಡ್ ಕಾಗದ, ಮನಿಯಾರ್ಡರ್ ಕೂಪನ್ ಇವೆ. "ಎರಡು ಯುದ್ಧ ಮಾಡಿದವರು" ಅಂತ ಎಲ್ಲರೂ ಹೇಳುತ್ತಾರೆ, ಎಲ್ಲಿ ಯಾವಾಗ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಹೆಂಡತಿ ಮಕ್ಕಳೆಂದರೆ ಅವರಿಗೆ ಪ್ರಾಣ. ಅದು ಬರೀ ಹೊಗಳಿಕೆ ಆಗದ ಹಾಗೆ ಬರೆಯುವುದು ಹೇಗೆ?

ಸ್ಯಾಪರ್ ಮನೆ:
ಅಜ್ಜನ ಆತ್ಮಕ್ಕೆ ಸದ್ಗತಿ ಸಿಗಲಿ.

ಮೊದಲು ಡಿಸ್ಚಾರ್ಜ್ ಬುಕ್ ಬಿಡಿಸಿ ಕೂತುಕೊಳ್ಳಿ, ಬರವಣಿಗೆ ಆಮೇಲೆ. ಸೇರಿದ ದಿನ, ಬಿಡುಗಡೆಯ ದಿನ, ಟ್ರೇಡ್ (ಸೇನೆಯಲ್ಲಿ ಮಾಡುತ್ತಿದ್ದ ಕಸುಬು), ಪದಕಗಳು, ಹೆಂಡತಿ ಮಕ್ಕಳ ಹೆಸರು ಎಲ್ಲ ಅದರಲ್ಲಿರುತ್ತದೆ. ಊರಿನ ವಿಳಾಸದಲ್ಲಿ "ಸೌತ್ ಕೆನರಾ, ಮೈಸೂರು ರಾಜ್ಯ" ಅಂತ ಕಂಡರೆ ಗಾಬರಿ ಬೇಡ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಅಜ್ಜನಿಗೆ ಎರಡು ಸೇನಾ ನಂಬರ್ ಇರುತ್ತದೆ. ಸಿಪಾಯಿಯಾಗಿ ಸೇರಿದಾಗ ಒಂದು, ನಾಯಬ್ ಸುಬೇದಾರ್ ಆದ ಮೇಲೆ "ಜೆಸಿ" (ಜೂನಿಯರ್ ಕಮಿಷನ್ಡ್) ಅಕ್ಷರಗಳಿಂದ ಶುರುವಾಗುವ ಇನ್ನೊಂದು. ಬುಕ್ಕಿನ ಪುಟ ಹರಿದಿದ್ದರೆ ಬೆಂಗಳೂರಿನ ಎಂಇಜಿ (ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರ) ರೆಕಾರ್ಡ್ಸ್‌ಗೆ ಎರಡೂ ನಂಬರ್ ಹಾಕಿ ಬರೆಯಿರಿ. ಒಂದೇ ಕೊಟ್ಟರೆ ಹುಡುಕುವುದು ತಡ. ಅರ್ಜಿಯನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕ ಕಳಿಸುವುದು ಒಳ್ಳೆಯದು. ಉತ್ತರ ಉತ್ತರಕ್ರಿಯೆಯೊಳಗೆ ಬರುವುದಿಲ್ಲ, ಅದನ್ನು ವರ್ಷಾಂತಿಕಕ್ಕೆ ಇಟ್ಟುಕೊಳ್ಳಿ.

ಇನ್ನು ಯುದ್ಧದ ವಿಷಯ. ಹೆಚ್ಚಿನವರು ತಪ್ಪುವುದು ಇಲ್ಲೇ. 1965ರ ಯುದ್ಧಕ್ಕೆ ಎರಡು ಪದಕ ಇವೆ. ರಕ್ಷಾ ಪದಕ ಆಗ ಸೇವೆಯಲ್ಲಿದ್ದವರಿಗೆ ವ್ಯಾಪಕವಾಗಿ ಸಿಕ್ಕಿದ್ದು, ಸಮರ ಸೇವಾ ಸ್ಟಾರ್ ಯುದ್ಧ ನಡೆದ ಕ್ಷೇತ್ರದಲ್ಲಿದ್ದವರಿಗೆ. 1971ರದ್ದೂ ಹಾಗೆಯೇ. ಸಂಗ್ರಾಮ ಪದಕ ಒಂದೇ ಇದ್ದರೆ ಕಾಳಗದಲ್ಲಿದ್ದರು ಎನ್ನಲು ಆಗುವುದಿಲ್ಲ. ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾ ಕಡೆ, ಪಶ್ಚಿಮಿ ಸ್ಟಾರ್ ಇದ್ದರೆ ಪಾಕಿಸ್ತಾನದ ಗಡಿ ಕಡೆ. ರಕ್ಷಾ, ಸಂಗ್ರಾಮ ಎರಡೇ ಇದ್ದರೆ "1965 ಮತ್ತು 1971ರ ಯುದ್ಧಗಳ ಕಾಲದಲ್ಲಿ ಸೇವೆಯಲ್ಲಿದ್ದರು" ಅಂತ ಬರೆಯಿರಿ. ಅದರಿಂದ ಅಜ್ಜನ ಮರ್ಯಾದೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಇಲ್ಲದ್ದನ್ನು ಬರೆದರೆ ಸಭೆಯಲ್ಲಿ ಕೂತ ಮಾಜಿ ಸೈನಿಕರಿಗೆ ಕೂಡಲೇ ಗೊತ್ತಾಗುತ್ತದೆ. ಸೈನ್ಯ ಸೇವಾ ಪದಕದ ರಿಬ್ಬನ್ ಮೇಲೆ ಅಡ್ಡಪಟ್ಟಿ ಇರುತ್ತದೆ. ಅದರಲ್ಲಿ "ಜಮ್ಮು ಕಾಶ್ಮೀರ", "ನೇಫಾ" (ಇಂದಿನ ಅರುಣಾಚಲ ಪ್ರದೇಶ), "ಹಿಮಾಲಯ" ಹೀಗೆ ಕೆತ್ತಿರುತ್ತದೆ. ಎಲ್ಲಿದ್ದರು ಅನ್ನುವುದಕ್ಕೆ ಅದೂ ಸಾಕ್ಷಿ.

ಪದಕದ ಅಂಚನ್ನು ಓರೆಯಾಗಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ನಂಬರ್ ಮತ್ತು ಹೆಸರು ಕಾಣುತ್ತದೆ. ದಯವಿಟ್ಟು ಬ್ರಾಸೋ ಹಾಕಿ ತಿಕ್ಕಬೇಡಿ, ಆ ಅಕ್ಷರ ಸವೆದೇ ಹೋಗುತ್ತದೆ. ಒಣ ಹತ್ತಿ ಬಟ್ಟೆ ಸಾಕು.

ಹುದ್ದೆ ಬರೆಯುವ ಕ್ರಮ: ನಾಯಬ್ ಸುಬೇದಾರ್, ನಂತರ ಹೆಸರು, ಕೊನೆಗೆ "(ನಿವೃತ್ತ)". "ನಿವೃತ್ತ ನಾಯಬ್ ಸುಬೇದಾರ್" ಅಲ್ಲ. ನಿವೃತ್ತರಾಗುವುದು ವ್ಯಕ್ತಿ, ಹುದ್ದೆ ಅಲ್ಲ. "ಹುತಾತ್ಮ", "ವೀರಮರಣ" ಎಂಬ ಮಾತೂ ಇಲ್ಲಿ ಹೊಂದುವುದಿಲ್ಲ.

ಕಿನ್ನಿಗೋಳಿ ಟೀಚರ್:
ಕುಟುಂಬದ ಭಾಗಕ್ಕೂ ದಾಖಲೆ ಇದೆ ಮಾರಾಯ್ರೆ, ಅದನ್ನು ಯಾರೂ ದಾಖಲೆ ಅಂತ ಎಣಿಸುವುದಿಲ್ಲ ಅಷ್ಟೆ.

ಮಕ್ಕಳ ಜನನ ಪತ್ರ ಮತ್ತು ಶಾಲೆಯ ಟಿಸಿ ಹುಡುಕಿ. ಫೀಲ್ಡ್ ಪೋಸ್ಟಿಂಗ್‌ಗೆ ಸಂಸಾರ ಕರೆದುಕೊಂಡು ಹೋಗುವಂತಿಲ್ಲ, ಪೀಸ್ ಸ್ಟೇಷನ್ನಿನಲ್ಲಿ (ಗಡಿಯ ಕಾವಲಿಲ್ಲದ ನೆಲೆಯಲ್ಲಿ) ಮಾತ್ರ ಫ್ಯಾಮಿಲಿ ಕ್ವಾರ್ಟರ್ಸ್. ಹಾಗಾಗಿ ಕೇಂದ್ರೀಯ ವಿದ್ಯಾಲಯದ ಟಿಸಿ ಇದ್ದರೆ ಆ ವರ್ಷ ಹೆಚ್ಚಾಗಿ ಎಲ್ಲರೂ ಒಟ್ಟಿಗಿದ್ದರು, ಊರಿನ ಶಾಲೆಯ ಟಿಸಿ ಇದ್ದರೆ ಹೆಚ್ಚಾಗಿ ಅಜ್ಜಿ ಒಬ್ಬರೇ ಮನೆ ನಡೆಸಿದ್ದರು. ಈ ವರ್ಷಗಳನ್ನೂ ಪೋಸ್ಟಿಂಗುಗಳನ್ನೂ ಒಂದೇ ಹಾಳೆಯಲ್ಲಿ ಎರಡು ಕಾಲಂ ಮಾಡಿ ಎದುರುಬದುರು ಬರೆಯಿರಿ. ಅವರ ಬದುಕು ಅಲ್ಲೇ ಕಾಣುತ್ತದೆ. ಪುಸ್ತಿಕೆಯನ್ನೂ ಅದೇ ಅನುಕ್ರಮದಲ್ಲಿ ಬರೆಯಿರಿ. "ಸೇನಾ ಜೀವನ" ಒಂದು ಕಡೆ, "ಕುಟುಂಬ ಜೀವನ" ಇನ್ನೊಂದು ಕಡೆ ಅಂತ ಒಡೆಯಬೇಡಿ.

ಕಾಗದಗಳ ಮೇಲೆ ಊರ ಹೆಸರು ಸಿಗುವುದಿಲ್ಲ, 56 ಎಪಿಓ ಅಥವಾ 99 ಎಪಿಓ (ಸೇನಾ ಅಂಚೆ ಕಚೇರಿ) ಅಂತಷ್ಟೇ ಇರುತ್ತದೆ. 56 ಪಶ್ಚಿಮ ಮತ್ತು ಉತ್ತರ, 99 ಪೂರ್ವ. ಮುದ್ರೆಯ ತಾರೀಕಿನ ಪ್ರಕಾರ ಜೋಡಿಸಿ. ಮನಿಯಾರ್ಡರ್ ಕೂಪನ್ ಬಿಸಾಡಬೇಡಿ. ಅದರ ಸಣ್ಣ ಜಾಗದಲ್ಲಿ "ಇದರಲ್ಲಿ ಇಷ್ಟು ಫೀಸಿಗೆ, ಇಷ್ಟು ಹಂಚಿಗೆ" ಎಂಬಂಥ ಒಂದು ಸಾಲು ಸಿಕ್ಕಿದರೆ, "ಆದರ್ಶ ತಂದೆ" ಅಂತ ಹತ್ತು ಸಲ ಬರೆಯುವುದು ಬೇಡ. ಆ ಸಾಲನ್ನೇ ಅವರ ಅಕ್ಷರದಲ್ಲಿ ಅಚ್ಚು ಹಾಕಿ.

ಅಜ್ಜಿಯ ಹತ್ತಿರ "ಅಜ್ಜ ಹೇಗಿದ್ದರು?" ಅಂತ ಕೇಳಿದರೆ "ಒಳ್ಳೆಯವರು" ಅಂತಾರೆ, ಮಾತು ಮುಗಿಯಿತು. ಸೈನಿಕರಿಗೆ ವಾರ್ಷಿಕ ರಜೆ 60 ದಿನ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಿಗೆ ಬರುತ್ತಿದ್ದರೋ, ಮಳೆಗಾಲದ ಮುಂಚೆ ಮಾಡು ಸರಿ ಮಾಡಲಿಕ್ಕೋ? ರೈಲಿಳಿದು ಮನೆಗೆ ಹೇಗೆ? (ಉಡುಪಿಗೆ ರೈಲು ಬಂದದ್ದೇ 1990ರ ದಶಕದಲ್ಲಿ. ಅದಕ್ಕೂ ಮುಂಚೆ ಮಂಗಳೂರಿನಲ್ಲಿ ಇಳಿದು ಬಸ್ಸು.) ಟ್ರಂಕಿನಿಂದ ಮೊದಲು ತೆಗೆಯುತ್ತಿದ್ದದ್ದು ಏನು? ಹೀಗೆ ಕೇಳಿ. ಅಜ್ಜಿಯ ಹೆಸರು ಬರೀ "ಪತ್ನಿಯನ್ನು ಅಗಲಿದ್ದಾರೆ" ಎಂಬ ಸಾಲಿನಲ್ಲಿ ಬಂದು ಹೋಗಬಾರದು.

ಐದು ನಿಮಿಷಕ್ಕೆ 450 ಪದ ಸಾಕು. ಗಂಟಲು ಕಟ್ಟುತ್ತದೆ, ನಿಲ್ಲಿಸಿ ಓದಲಿಕ್ಕೆ ಜಾಗ ಬೇಕು.

ಪಣಂಬೂರು ಬೀಚ್:
ಮುಖಪುಟದಲ್ಲಿ ಪೂರ್ತಿ ತ್ರಿವರ್ಣ ಧ್ವಜ, ಅದರ ಮೇಲೆ ಅಜ್ಜನ ಹೆಸರು ಹಾಕಿದರೆ ಚಂದ. ಸಭೆಯಲ್ಲಿ ಫೋಟೋ ಇಡುವ ಮೇಜಿಗೂ ಧ್ವಜ ಹಾಸಬಹುದಲ್ಲ?

ಸ್ಯಾಪರ್ ಮನೆ:
ಎರಡೂ ಬೇಡ. ಧ್ವಜ ಸಂಹಿತೆಯ ಪ್ರಕಾರ ಧ್ವಜದ ಮೇಲೆ ಅಕ್ಷರ ಬರೆಯುವಂತಿಲ್ಲ, ಮೇಜಿಗೆ ಹಾಸುವಂತಿಲ್ಲ. ಹೊದಿಸಲು ಅವಕಾಶ ಇರುವುದು ಸರಕಾರಿ, ಸೇನಾ, ಅರೆಸೇನಾ ಗೌರವದ ಅಂತ್ಯಕ್ರಿಯೆಯಲ್ಲಿ ಮಾತ್ರ. ಊಟದ ಹಾಲ್‌ನಲ್ಲಿ ಪುಸ್ತಿಕೆ ಕಾಲಡಿಗೆ ಬೀಳುವುದೂ ಉಂಟು. ಯೂನಿಫಾರ್ಮಿನ ಫೋಟೋ ಹಾಕಿ, ಮೇಜಿಗೆ ಬಿಳಿ ಬಟ್ಟೆ ಸಾಕು.

ಅಚ್ಚುಮೊಳೆ:
ಪ್ರೆಸ್ಸಿನ ಕಡೆಯಿಂದ ಎರಡು ಮಾತು. ಪುಟ ನಾಲ್ಕರ ಗುಣಕದಲ್ಲಿರಲಿ: 12, 16, 20. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಿಕೆಗೆ 18 ಪುಟ ಕೂರುವುದಿಲ್ಲ. ಹಳೆ ಫೋಟೋ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಕುಗ್ಗಿ, ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಆಲ್ಬಮಿಗೆ ಅಂಟಿದ ಫೋಟೋ ಕೀಳಬೇಡಿ, ಪುಟ ಸಮೇತ ಸ್ಕ್ಯಾನ್ ಮಾಡಿ.

ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನವರು ನುಡಿಗೋ ಶ್ರೀಲಿಪಿಗೋ (ಮುದ್ರಣದ ಹಳೆ ಕನ್ನಡ ತಂತ್ರಾಂಶಗಳು) ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ನಿಮ್ಮ ಪಿಡಿಎಫ್ ಜೊತೆಗಿರಲಿ, ಕಾಗದದ ಪ್ರೂಫ್ ತೆಗೆಸಿ ಇಬ್ಬರು ಕೂತು ಒಬ್ಬರು ಓದಿ ಒಬ್ಬರು ನೋಡಿ. ಹೆಸರು, ಇಸವಿ, ನಂಬರ್ ಇದ್ದ ಸಾಲುಗಳನ್ನು ಎರಡು ಸಲ.

ಮೂಲ ಡಿಸ್ಚಾರ್ಜ್ ಬುಕ್ ಪ್ರೆಸ್ಸಿಗೆ ಕೊಡಬೇಡಿ, ಲ್ಯಾಮಿನೇಷನ್ನೂ ಮಾಡಿಸಬೇಡಿ. ಅಜ್ಜಿಯ ಕುಟುಂಬ ಪಿಂಚಣಿ ಕೆಲಸಕ್ಕೆ ಪಿಪಿಓ (ಪಿಂಚಣಿ ಪಾವತಿ ಆದೇಶ), ಮರಣ ಪತ್ರದ ಜೊತೆ ಅದೂ ಬೇಕಾಗುತ್ತದೆ. ಇಂದೇ ಪ್ರತಿ ಪುಟದ ಸ್ಕ್ಯಾನ್ ಮಾಡಿ, ಮೂಲವನ್ನು ಅಜ್ಜಿಯ ಕೈಗೇ ಕೊಡಿ.