ಮೈಂಡ್‌ಫುಲ್‌ನೆಸ್: ಸಾವಧಾನವೋ, ಗ್ಯಾನವೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಒಂದು ಪದದ ಪ್ರಶ್ನೆ.

ನನ್ನ ಅಕ್ಕನ ಮಗಳು ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಮೈಂಡ್‌ಫುಲ್‌ನೆಸ್ ಅಂದರೆ ಈ ಗಳಿಗೆಯಲ್ಲಿ ಆಗುತ್ತಿರುವುದರ ಮೇಲೆ ಗಮನ ಇರುವುದು. ಅದಕ್ಕೂ ಮನಸ್ಸಿನ ನೆಮ್ಮದಿಗೂ ಏನು ನಂಟು ಅಂತ ನೋಡುವ ಪುಟ್ಟ ಪ್ರಾಜೆಕ್ಟ್ ಅವಳದು. ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿತ್ತು. ಬ್ರೌನ್ ಮತ್ತು ರಯಾನ್ ಅನ್ನುವ ಮನಃಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಳತೆಪಟ್ಟಿ ಅದು.

ಮೊದಲು ‘ಸಾವಧಾನತೆ’ ಅಂತ ಹಾಕಿದೆ. ಬಿಡಿಸಿ ನೋಡಿದರೆ ಸರಿಯಾಗೇ ಇದೆ. ಅವಧಾನ ಅಂದರೆ ಗಮನ, ಗಮನವಿಟ್ಟು ಇರುವುದು ಸಾವಧಾನ. ಆದರೆ ಆಡುಮಾತಿನಲ್ಲಿ ಅದು ನಿಧಾನ ಅಂತಾಗಿಬಿಟ್ಟಿದೆ ಅಲ್ವಾ? ‘ಸಾವಧಾನ ಬಾರಪ್ಪ, ಅವಸರ ಇಲ್ಲ’ ಅಂತೀವಿ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರು ನಕ್ಕುಬಿಟ್ಟರು. ‘ಕಾದ ಮರಳಿನ ಮುಂದೆ ಸಾವಧಾನ ಅಂತ ಕುಂತ್ರೆ ಅಕ್ಕಿ ಸೀದು ಹೋಗ್ತೈತಿ. ಗ್ಯಾನ ಇರ್ಬೇಕು ನೋಡ್ರಿ, ಗ್ಯಾನ!’

ಗ್ಯಾನ! ಚಿಕ್ಕವನಿದ್ದಾಗ ಹಾಲು ಉಕ್ಕಿಸಿದಾಗೆಲ್ಲ ಅವ್ವ ಬೈಯುತ್ತಿದ್ದದ್ದೂ ಹೀಗೇ. ‘ಗ್ಯಾನ ಎಲ್ಲೈತಿ ನಿಂದು?’ ಜ್ಞಾನ ಅನ್ನುವ ದೊಡ್ಡ ಪದ ನಮ್ಮ ಬಾಯಲ್ಲಿ ಸವೆದು, ಈ ಗಳಿಗೆಯ ಗಮನ ಅನ್ನುವ ಅರ್ಥಕ್ಕೆ ಬಂದು ನಿಂತಿದೆ. ನನಗಂತೂ ಇದೇ ಜಾಸ್ತಿ ಹತ್ತಿರ ಅನಿಸಿತು. ಆದರೆ ಪ್ರಶ್ನಾವಳಿಯಲ್ಲಿ ‘ಗ್ಯಾನ’ ಅಂತ ಅಚ್ಚು ಹಾಕಿದರೆ ಅವಳ ಗೈಡ್ ಒಪ್ಪಬೇಕಲ್ಲ.

ಇಂಗ್ಲಿಷ್ ಪದವೂ ಅನುವಾದವೇ. ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯ ‘ಸತಿ’ಗೆ ಇಂಗ್ಲೆಂಡಿನ ವಿದ್ವಾಂಸ ರೀಸ್ ಡೇವಿಡ್ಸ್ 1881ರಲ್ಲಿ ಮೈಂಡ್‌ಫುಲ್‌ನೆಸ್ ಅಂತ ಬಳಸಿದರು. 1979ರಲ್ಲಿ ಜಾನ್ ಕಬಟ್-ಜಿನ್ ಅಮೆರಿಕದಲ್ಲಿ ರೋಗಿಗಳಿಗೆ ಇದನ್ನು ಕಲಿಸತೊಡಗಿದ ಮೇಲೆ ಮನಃಶಾಸ್ತ್ರದವರ ಪದವೂ ಆಯಿತು. ನಾವು ‘ಸತಿ’ಯನ್ನೇ ಇಟ್ಟುಕೊಳ್ಳೋಣ ಅಂದರೆ ಕನ್ನಡದಲ್ಲಿ ಹೆಂಡತಿ ಎದ್ದು ಬರುತ್ತಾಳೆ! ಸಂಸ್ಕೃತದಲ್ಲಿ ಅದು ‘ಸ್ಮೃತಿ’, ಅಂದರೆ ನೆನಪು. ಹಾಗೆ ನೋಡಿದರೆ ಅದಕ್ಕೆ ಎದುರಾದದ್ದು ಮರೆವು. ಕನ್ನಡದಲ್ಲಿ ‘ಮೈಮರೆವು’ ಮೊದಲೇ ಇದೆಯಲ್ಲ ಅಂತ ಖುಷಿಯಾಯಿತು.

ಖುಷಿಗೆ ಕಾರಣ ಇತ್ತು. ಆ ಅಳತೆಯ 15 ಹೇಳಿಕೆಗಳೂ ಗಮನ ಇಲ್ಲದಿರುವುದರ ಬಗ್ಗೆಯೇ. ಬೇರೆ ಏನೋ ಯೋಚಿಸುತ್ತಾ ಚೆಲ್ಲುವುದು, ಒಡೆಯುವುದು, ಹೆಸರು ಕೇಳಿದ ಕೂಡಲೇ ಮರೆಯುವುದು, ಹೀಗೆ. ‘ಹೆಚ್ಚುಕಮ್ಮಿ ಯಾವಾಗಲೂ’ ಅಂದರೆ 1 ಅಂಕ, ‘ಹೆಚ್ಚುಕಮ್ಮಿ ಎಂದೂ ಇಲ್ಲ’ ಅಂದರೆ 6. ಇಲ್ಲದ್ದನ್ನು ಕೇಳಿ ಇರುವುದನ್ನು ಅಳೆಯುತ್ತಾರೆ. ಹಾಗಾಗಿ ಎಲ್ಲಾ ಕಡೆ ‘ಮೈಮರೆತು’ ಅಂತ ಹಾಕಿದೆ.

ಕುರುಕಲು ತಿಂಡಿಯ ಹೇಳಿಕೆಯಲ್ಲಿ ಸಿಕ್ಕಿಬಿದ್ದೆ. ತಿನ್ನುತ್ತಿದ್ದೇನೆ ಅನ್ನುವುದೇ ಗೊತ್ತಾಗದೆ ತಿನ್ನುವುದು ಅಂತ ಅದರ ಅರ್ಥ. ನಾನು ‘ಮೈಮರೆತು ತಿನ್ನುತ್ತೇನೆ’ ಅಂತ ಬರೆದಿದ್ದೆ. ಪಕ್ಕದ ಮನೆಯ ಅತ್ತಿಗೆ ಓದಿ, ‘ಬೆಣ್ಣೆದೋಸೆ ಸಿಕ್ಕರೆ ಮೈಮರೆತೇ ತಿನ್ನೋದಪ್ಪ!’ ಅಂದರು. ಅವರ ಪಾಲಿಗೆ ಅದು ಸುಖ. ಭಜನೆಯಲ್ಲೂ ಹಾಗೇ ಮೈಮರೆಯುತ್ತಾರೆ. ಹೀಗಾದರೆ ಅಂಕ ತಲೆಕೆಳಗು.

‘ಖಬರಿಲ್ಲದೆ’ ಅಂದರೆ ಅರ್ಥ ಸರಿ, ಆದರೆ ಬೈದ ಹಾಗಿರುತ್ತದೆ. ‘ಅರಿವಿಲ್ಲದೆ’ ಅಂದರೆ ಸುಮ್ನೆ ವಚನದ ಕಡೆಗೆ ಎಳೆಯುತ್ತದೆ. ಸದ್ಯಕ್ಕೆ ‘ಗಮನ ಎಲ್ಲೋ ಇಟ್ಟು’ ಅಂತ ಬರೆದಿದ್ದೇನೆ. ನಿಮ್ಮ ಕಡೆ ಬೈಗುಳವೂ ಅಲ್ಲದ, ಹೊಗಳಿಕೆಯೂ ಅಲ್ಲದ ಪದ ಏನಿದೆ? ಮೈಸೂರು, ಮಂಗಳೂರಿನ ಕಡೆ ‘ಗ್ಯಾನ’ ಈ ಅರ್ಥದಲ್ಲಿ ನಡೆಯುತ್ತದೆಯೇ?